ವಿಮಾನದ ಕಡಿವಾಣ

ವಿಮಾನದಲ್ಲಿ ಕುಳಿತ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಕಿಟಕಿಯಿಂದ ಮೋಡವನ್ನು ನೋಡುವರು. ರೆಕ್ಕೆಯನ್ನು ನೋಡುವವರು ವಿರಳ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೋಡವು ಕ್ಷಣಕ್ಕೊಂದು ರೂಪವನ್ನು ತಾಳುವುದು. ರೆಕ್ಕೆಯಾದರೋ ತಗಡು ಹೊದಿಸಿದ ಹಲಗೆಯಂತೆ ಸುಮ್ಮನೆ ಚಾಚಿಕೊಂಡಿರುವುದು. ಆದರೆ ಆ ಹಲಗೆಯ ಹಿಂದಿನ ಅಂಚನ್ನು ಸ್ವಲ್ಪ ಹೊತ್ತು ನೆಟ್ಟ ದೃಷ್ಟಿಯಿಂದ ನೋಡಿದವರಿಗೆ ಅದು ಒಂದೇ ತುಂಡಲ್ಲವೆಂಬುದು ತಿಳಿದುಬರುವುದು. ಅಂಚಿನಲ್ಲಿ ಕಿಟಕಿಯ ಕದಗಳಂತೆ ಕೀಲಿಟ್ಟು ಕೂಡಿಸಿದ ಪಟ್ಟಿಗಳುಂಟು. ತುದಿಯ ಪಟ್ಟಿಯೊಂದು ಮೆಲ್ಲನೆ ಮೇಲಕ್ಕೇಳುವುದು. ಒಡನೆಯೇ ದೂರದ ನೆಲವು ಓರೆಯಾಗಿ ನಿಲ್ಲುವುದು. ಗೇಣಿಗಿಂತಲೂ ಕಿರಿದಾದ ಆ ಅಲುಗಾಟಕ್ಕೆ ಇಪ್ಪತ್ತು ಟನ್ನಿನಷ್ಟು ಭಾರವಾದ ವಿಮಾನವು ಮಗ್ಗುಲು ಹೊರಳಿತೆಂದು ಯಾರೂ ಎಣಿಸಲಾರರು.

ಈ ಪಟ್ಟಿಗಳೇ ವಿಮಾನದ ಕಡಿವಾಣ. ಎಂಜಿನ್ನು ಎಷ್ಟು ಕುದುರೆಗಳ ಬಲವನ್ನಾದರೂ ಕೊಡಲಿ. ಆ ಬಲವನ್ನು ಬೇಕಾದ ಕಡೆಗೆ ತಿರುಗಿಸತಕ್ಕವು ಇವು. ಕಡಿವಾಣದ ಒಂದು ತುದಿಯು ಪೈಲಟನ ಕೈಯಲ್ಲಿಯೂ ಇನ್ನೊಂದು ತುದಿಯು ರೆಕ್ಕೆಯ ಕೊನೆಯಲ್ಲಿಯೂ ಇರುವುದಷ್ಟೆ. ಇವೆರಡರ ನಡುವೆ ಏನಿದೆ ಎಂಬುದನ್ನು ಮನೆಮಾತಿನಲ್ಲಿ ಹೇಳಬೇಕೆಂಬುದು ನಮ್ಮ ಉದ್ದೇಶ. ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಈ ಯಂತ್ರವಿಚಾರವೇಕೆಂದು ಕೇಳುವವರು ಇದ್ದಾರು. ಮೊಮ್ಮಗನ ನಾಮಕರಣಕ್ಕೂ ಭಾವಮೈದುನನ ಷಷ್ಟ್ಯಬ್ದಿಗೂ ಜನರು ಆಕಾಶಮಾರ್ಗವಾಗಿಯೇ ಹೋಗಿಬರುತ್ತಿರುವ ಈ ಕಾಲದಲ್ಲಿ, ತಾವು ಯಾವ ಹಗ್ಗವನ್ನು ನಂಬಿ ಕುಳಿತಿದ್ದೇವೆಂಬುದನ್ನು ಗೃಹಸ್ಥರು ತಿಳಿದುಕೊಂಡರೆ ತಪ್ಪೇನು?

ದೊಡ್ಡ ವಿಮಾನಗಳ ಮಾತು ಇಲ್ಲಿ ಬೇಡ. ಐವತ್ತರಿಂದ ನೂರರ ಆಸುಪಾಸಿನಷ್ಟು ಜನರನ್ನು ಹೊತ್ತು ಸಣ್ಣ ಊರುಗಳ ನಡುವೆ ಓಡಾಡುವ ಜೆಟ್ ವಿಮಾನಗಳುಂಟು. ಇವನ್ನು ಪ್ರಾದೇಶಿಕ ಜೆಟ್ ಎಂದು ಕರೆಯುವರು. ಬ್ರೆಜಿಲ್ ದೇಶದ ಎಂಬ್ರೇಯರ್ ಕಂಪೆನಿಯು ಇಂಥವನ್ನು ಕಟ್ಟುವುದರಲ್ಲಿ ಹೆಸರಾದುದು. ಕನ್ನಡನಾಡಿನ ಊರುಗಳಿಗೆ ಇವುಗಳ ಬಳಕೆ ಚೆನ್ನಾಗಿ ಆದುದು ೨೦೧೯ರಿಂದ ಈಚೆಗೆ. ಆ ವರ್ಷದ ಜನವರಿಯಲ್ಲಿ ಸ್ಟಾರ್ ಏರ್ ಎಂಬ ಸಂಸ್ಥೆಯು ಐವತ್ತು ಆಸನಗಳ ಎಂಬ್ರೇಯರ್ ೧೪೫ ವಿಮಾನದಿಂದ ಬೆಂಗಳೂರು ಹುಬ್ಬಳ್ಳಿಗಳ ನಡುವೆ ಸಂಚಾರವನ್ನು ಆರಂಭಿಸಿತು. ಬೆಳಗಾವಿ ಕಲಬುರಗಿಗಳನ್ನೂ ಬಳಿಕ ಕೂಡಿಸಿಕೊಂಡಿತು. ೨೦೨೩ರಲ್ಲಿ ಅದಕ್ಕಿಂತ ದೊಡ್ಡದಾದ ಎಂಬ್ರೇಯರ್ ೧೭೫ ಎಂಬುದೂ ಅದರ ಬಳಿಗೆ ಬಂದಿತು.

ಐವತ್ತು ಆಸನದ ಆ ಸಣ್ಣ ವಿಮಾನದಲ್ಲಿ ನಾವೂ ನಮ್ಮ ಮನೆಯವರೂ ಒಮ್ಮೆ ಬೆಳಗಾವಿಗೆ ಹೋಗಿದ್ದೆವು. ಒಂದು ಪಕ್ಕದಲ್ಲಿ ಒಂದೇ ಸಾಲು ಆಸನ, ಇನ್ನೊಂದು ಪಕ್ಕದಲ್ಲಿ ಎರಡು ಸಾಲು. ನಡುವೆ ತಲೆ ತಗ್ಗಿಸಿ ನಡೆಯಬೇಕಾದ ಓಣಿ. ವಿಮಾನವು ನೆಲದ ಮೇಲೆ ಮೆಲ್ಲನೆ ಸಾಗುತ್ತಿದ್ದಾಗ ರೆಕ್ಕೆಯ ತುದಿಯ ಪಟ್ಟಿಯು ಒಮ್ಮೆ ಪೂರ್ತಿ ಮೇಲಕ್ಕೂ ಒಮ್ಮೆ ಪೂರ್ತಿ ಕೆಳಕ್ಕೂ ಹೋಗಿ ಸಮನಾಗಿ ನಿಂತಿತು. “ಇದೇನು, ನೊಣ ಓಡಿಸುವ ಎತ್ತು ಕಿವಿ ಆಡಿಸಿದಂತೆ ಮಾಡುತ್ತದೆಯಲ್ಲ!” ಎಂದು ನಮ್ಮ ಮನೆಯವರು ಕೇಳಿದರು. ನಮ್ಮ ಅಕ್ಕನ ಮಗನೊಬ್ಬನು ವಿಮಾನಗಳನ್ನು ರಿಪೇರಿ ಮಾಡುವ ಕೆಲಸದಲ್ಲಿರುವನು. ಅವನಿಂದ ಆಗಾಗ ಕೇಳಿ ತಿಳಿದಷ್ಟನ್ನು ನಾವು ಅವರಿಗೆ ಹೇಳಿದೆವು. ಹಾರುವ ಮೊದಲು ಪೈಲಟನು ತನ್ನ ಹಿಡಿಯನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಕೋಲನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿ, ಕಾಲಿನ ಮೆಟ್ಟುಗಳನ್ನು ಒತ್ತಿ ನೋಡುವನು. ಎರಡು ಸಂಗತಿಗಳನ್ನು ಅವನು ತಿಳಿಯಬೇಕು. ಎಲ್ಲವೂ ತಡೆಯಿಲ್ಲದೆ ಆಡುವುದೇ ಎಂಬುದೊಂದು. ಆಡಿದ್ದು ಸರಿಯಾದ ಕಡೆಗೆ ಆಡಿತೇ ಎಂಬುದು ಇನ್ನೊಂದು. ಈ ಎರಡನೆಯದು ಎಷ್ಟು ದೊಡ್ಡ ಮಾತೆಂಬುದು ಮುಂದೆ ತಿಳಿದುಬರುವುದು.

ಗಾಳಿಯಲ್ಲಿ ವಿಮಾನಕ್ಕೆ ಮೂರು ಬಗೆಯ ಹೊರಳಾಟಗಳುಂಟು. ತೊಟ್ಟಿಲಿನ ಕೂಸಿನಂತೆ ಮಗ್ಗುಲಿಂದ ಮಗ್ಗುಲಿಗೆ ಉರುಳುವುದು ಒಂದು. ಇದನ್ನು ರೆಕ್ಕೆಯ ತುದಿಗಳಲ್ಲಿರುವ ಏಲರಾನ್ ಎಂಬ ಪಟ್ಟಿಗಳು ನಡೆಸುವುವು. ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಎಡದ ಏಲರಾನ್ ಮೇಲಕ್ಕೂ ಬಲದ್ದು ಕೆಳಕ್ಕೂ ಹೋಗಿ ವಿಮಾನವು ಎಡಮಗ್ಗುಲಿಗೆ ವಾಲುವುದು. ಮೂಗನ್ನು ಎತ್ತುವುದು ಇಳಿಸುವುದು ಎರಡನೆಯದು. ಇದು ಬಾಲದ ಅಡ್ಡರೆಕ್ಕೆಯಲ್ಲಿರುವ ಎಲಿವೇಟರಿನ ಕೆಲಸ. ಮೂಗನ್ನು ಎಡಬಲಕ್ಕೆ ಹೊರಳಿಸುವುದು ಮೂರನೆಯದು. ಇದಕ್ಕೆ ಬಾಲದ ನೆಟ್ಟಗಿನ ರಡ್ಡರ್ ಇದೆ. ದೋಣಿಯ ಚುಕ್ಕಾಣಿಯನ್ನು ಕಂಡವರಿಗೆ ಇದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಉಳಿದ ಫ್ಲಾಪು, ಸ್ಪಾಯ್ಲರು ಮೊದಲಾದವು ಈ ಮೂವರ ಸಹಾಯಕರು.

ಅಮೆರಿಕದ ರೈಟ್ ಸಹೋದರರು ೧೯೦೩ರ ಡಿಸೆಂಬರ್ ೧೭ರಂದು ಹಾರಿದ ಯಂತ್ರದಲ್ಲಿ ಇಂಥ ಏಲರಾನುಗಳಿರಲಿಲ್ಲ. ಅವರು ರೆಕ್ಕೆಯನ್ನೇ ತಿರುಚುತ್ತಿದ್ದರು. ಹಾರುವವನು ಬೋರಲಾಗಿ ಮಲಗಿ ಸೊಂಟವನ್ನು ಪಕ್ಕಕ್ಕೆ ಸರಿಸಿದರೆ, ಸೊಂಟಕ್ಕೆ ಕಟ್ಟಿದ ತೊಟ್ಟಿಲು ಹುರಿಗಳನ್ನೆಳೆದು ರೆಕ್ಕೆಯ ಅಂಚನ್ನು ಬಾಗಿಸುತ್ತಿತ್ತು. ಇತರರು ಎಂಜಿನ್ನಿನ ಬಲವೊಂದನ್ನೇ ಹುಡುಕುತ್ತಿದ್ದಾಗ, ಬೈಸಿಕಲ್ಲು ಮಾಡಿ ಮಾರುತ್ತಿದ್ದ ಈ ಅಣ್ಣತಮ್ಮಂದಿರು ಹಿಡಿತದ ವಿಚಾರವನ್ನು ಮೊದಲು ಹಿಡಿದರು. ಅವರ ಗೆಲುವಿನ ಗುಟ್ಟು ಇದೇ ಎಂದು ನಮಗೆ ತೋರುತ್ತದೆ. ಹುರಿ ಎಳೆದರೆ ರೆಕ್ಕೆ ಕೇಳಬೇಕು ಎಂಬ ಆ ಏರ್ಪಾಡು ಆಗಿನಿಂದ ಬಹುಕಾಲ ಹೆಚ್ಚು ಬದಲಾಗಲಿಲ್ಲ.

ನಮ್ಮ ಹಳೆಯ ಮನೆಗಳ ಬಾವಿಯ ರಾಟೆಯನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಹಗ್ಗದ ಒಂದು ತುದಿಯನ್ನು ಕೆಳಕ್ಕೆಳೆದರೆ ಇನ್ನೊಂದು ತುದಿಯ ಕೊಡ ಮೇಲಕ್ಕೆ ಬರುವುದು. ವಿಮಾನದಲ್ಲಿಯೂ ಹಾಗೆಯೇ. ಪೈಲಟನ ಹಿಡಿಯಿಂದ ಹೊರಟ ಉಕ್ಕಿನ ಹುರಿಯು ನೆಲಹಾಸಿನ ಅಡಿಯಲ್ಲಿ ರಾಟೆಯಿಂದ ರಾಟೆಗೆ ಹೊರಳುತ್ತ ರೆಕ್ಕೆಯ ಒಡಲನ್ನು ಹೊಕ್ಕು ಕೊನೆಯನ್ನು ಮುಟ್ಟುವುದು. ಹುರಿಗೆ ತಳ್ಳುವ ಶಕ್ತಿಯಿಲ್ಲ, ಎಳೆಯುವುದೊಂದೇ ಬಲ್ಲದು. ಆದಕಾರಣ ಒಂದು ಕಡೆಗೆ ಎಳೆಯಲು ಒಂದು, ಮತ್ತೊಂದು ಕಡೆಗೆ ಎಳೆಯಲು ಇನ್ನೊಂದು, ಹೀಗೆ ಜೋಡಿಯಾಗಿಯೇ ಇರಬೇಕು. ಇದರಲ್ಲಿ ಒಂದು ಸೂಕ್ಷ್ಮವುಂಟು. ಮೇಲಿನ ಆಕಾಶದ ಚಳಿ ಸೊನ್ನೆಗಿಂತ ಐವತ್ತು ಡಿಗ್ರಿಯಷ್ಟು ಕೆಳಗಿರುವುದು. ಆ ಚಳಿಗೆ ಅಲ್ಯೂಮಿನಿಯಮ್ಮಿನ ಮೈಯು ಉಕ್ಕಿನ ಹುರಿಗಿಂತ ಸುಮಾರು ಎರಡರಷ್ಟು ಕುಗ್ಗುವುದು. ಎರಡು ಕಂಬಗಳ ನಡುವೆ ಬಟ್ಟೆ ಒಣಹಾಕುವ ತಂತಿಯನ್ನು ಕಟ್ಟಿ, ಕಂಬಗಳನ್ನು ಹತ್ತಿರಕ್ಕೆ ಸರಿಸಿದರೆ ಏನಾದೀತೋ ಅದೇ ಹುರಿಗೂ ಆಗುವುದು. ಆದುದರಿಂದ ಎಷ್ಟು ಬಿಗಿಯಾಗಿ ಕಟ್ಟಬೇಕೆಂಬುದನ್ನು ಅಂದಿನ ಶಾಖವನ್ನು ನೋಡಿ, ಮಾಪಕವಿಟ್ಟು ಅಳೆದೇ ಕಟ್ಟತಕ್ಕದ್ದು. ಕಣ್ಣಂದಾಜು ಇಲ್ಲಿ ನಡೆಯದು.

ಸಣ್ಣ ವಿಮಾನಕ್ಕೆ ಕೈಯ ಬಲವೇ ಸಾಕು. ಆದರೆ ಗಾಳಿಯ ಒತ್ತಡವು ವೇಗದ ವರ್ಗದಂತೆ ಏರುವುದು. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಜೆಟ್ಟಿನ ವೇಗದಲ್ಲಿ ಪಟ್ಟಿಯನ್ನು ಅಲುಗಿಸಲು ಗರಡಿಯ ಪೈಲ್ವಾನನಿಂದಲೂ ಆಗಲಾರದು. ಇದಕ್ಕೆ ಎರಡು ಉಪಾಯಗಳನ್ನು ಕಂಡುಹಿಡಿದಿರುವರು. ಒಂದು ಬಹು ಚಮತ್ಕಾರವಾದುದು. ನಾವು ಕುಳಿತಿದ್ದ ಎಂಬ್ರೇಯರ್ ೧೪೫ರ ಎಲಿವೇಟರಿನಲ್ಲಿಯೇ ಅದುಂಟು. ದೊಡ್ಡ ಪಟ್ಟಿಯ ಹಿಂದಿನ ಅಂಚಿಗೆ ಇನ್ನೊಂದು ಕಿರುಪಟ್ಟಿಯನ್ನು ಕೀಲಿಸಿರುವರು. ಕಿರುಪಟ್ಟಿಯು ಕೆಳಕ್ಕೆ ಬಾಗಿದರೆ ಹರಿದುಬರುವ ಗಾಳಿಯು ಅದನ್ನು ಮೇಲಕ್ಕೆ ನೂಕುವುದು. ಅದರೊಡನೆ ದೊಡ್ಡ ಪಟ್ಟಿಯೂ ಏಳುವುದು. ಯಾವ ಗಾಳಿಯು ಎದುರಾಳಿಯಾಗಿತ್ತೋ ಅದರಿಂದಲೇ ಕೆಲಸ ಮಾಡಿಸಿಕೊಂಡಂತಾಯಿತು. ಹಗೆಯ ಕೈಯಿಂದಲೇ ಕೋಟೆಯ ಬಾಗಿಲು ತೆಗೆಸಿದ ರಾಜತಂತ್ರವೂ ಇದಕ್ಕಿಂತ ಜಾಣತನದ್ದಲ್ಲ.

ಇನ್ನೊಂದು ಉಪಾಯ ಎಣ್ಣೆಯದು. ಎಂಜಿನ್ನು ನಡೆಸುವ ಪಂಪು ಒಂದು ಬಗೆಯ ಎಣ್ಣೆಯನ್ನು ಕೊಳವೆಗಳಲ್ಲಿ ಒತ್ತಿ ಇಟ್ಟಿರುವುದು. ಒತ್ತಡ ಚದರ ಅಂಗುಲಕ್ಕೆ ೩೦೦೦ ಪೌಂಡು. ಮೋಟಾರಿನ ಟೈರಿಗೆ ನಾವು ತುಂಬಿಸುವುದು ಮೂವತ್ತರ ಸುಮಾರು. ಅದರ ನೂರರಷ್ಟೆಂದರೆ ಬಲವನ್ನು ಊಹಿಸಬಹುದು. ಪೈಲಟನ ಹುರಿಯು ಪಟ್ಟಿಯನ್ನೇ ಎಳೆಯದೆ ಎಣ್ಣೆಯ ಬಾಗಿಲನ್ನು ಮಾತ್ರ ತೆರೆಯುವುದು. ಎಣ್ಣೆಯು ನುಗ್ಗಿ ಉಕ್ಕಿನ ದಂಡವನ್ನು ದೂಡುವುದು. ದಂಡವು ಪಟ್ಟಿಯನ್ನು ಎತ್ತುವುದು. ಎಂಬ್ರೇಯರ್ ೧೭೫, ೧೯೦ ಎಂಬ ಅಣ್ಣತಮ್ಮಂದಿರಲ್ಲಿ ಇಂಥ ಎಣ್ಣೆಯ ಏರ್ಪಾಡುಗಳು ಮೂರು, ಒಂದಕ್ಕೊಂದು ಸಂಬಂಧವಿಲ್ಲದವು. ಒಂದು ಸೋರಿಹೋದರೂ ಉಳಿದವು ಕೈ ಹಿಡಿಯುವುವು.

ಎಣ್ಣೆಯ ಸಹಾಯ ಬಂದಾಗ ಒಂದು ಹೊಸ ತೊಂದರೆಯೂ ಬಂದಿತು. ಇದನ್ನು ಕೇಳಿ ನಮಗೆ ಬಹಳ ಸೋಜಿಗವಾಯಿತು. ಮೊಸರು ಕಡೆಯುವವರಿಗೆ ಬೆಣ್ಣೆ ಬಂದುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುವುದು. ಕಡೆಗೋಲಿನ ಹಗ್ಗವೇ ಹೇಳುವುದು. ಹಾಗೆಯೇ ಹಿಂದಿನ ಪೈಲಟನಿಗೆ ಗಾಳಿಯ ಬಿರುಸು ಹಿಡಿಯ ಬಿಗಿತದಿಂದಲೇ ಗೊತ್ತಾಗುತ್ತಿತ್ತು. ಎಣ್ಣೆಯು ನಡುವೆ ಬಂದ ಮೇಲೆ ಹಿಡಿಯು ಹೂವಿನಂತೆ ಹಗುರವಾಯಿತು. ಎಷ್ಟು ತಿರುಗಿಸಿದೆನೆಂಬುದೇ ತಿಳಿಯದಾಯಿತು. ಆದಕಾರಣ ಬೇಕೆಂದೇ ಸ್ಪ್ರಿಂಗುಗಳನ್ನಿಟ್ಟು ಹಿಡಿಗೆ ಭಾರವನ್ನು ಕೊಟ್ಟಿರುವರು. ವಿಮಾನವು ತೀರ ನಿಧಾನವಾಗಿ ಬೀಳುವ ಹಂತಕ್ಕೆ ಬಂದರೆ ಕೋಲು ಗಡಗಡನೆ ನಡುಗುವಂತೆಯೂ ಒಂದು ಯಂತ್ರವನ್ನು ಇಟ್ಟಿರುವರು. ನಿದ್ದೆ ಹೋದವನ ಭುಜವನ್ನು ಹಿಡಿದು ಅಲುಗಿಸಿದಂತೆ.

ಇಬ್ಬರು ಪೈಲಟರ ಹಿಡಿಗಳು ಒಂದಕ್ಕೊಂದು ಕೂಡಿಕೊಂಡಿರುವುವು. ಒಬ್ಬನು ತಿರುಗಿಸಿದರೆ ಇನ್ನೊಬ್ಬನದೂ ತಿರುಗುವುದು. ಹುರಿಯೆಲ್ಲಿಯಾದರೂ ಸಿಕ್ಕಿಕೊಂಡರೆ ಇಬ್ಬರ ಹಿಡಿಯೂ ನಿಂತುಹೋದೀತಲ್ಲವೆ? ಅದಕ್ಕಾಗಿ ನಡುವೆ ಒಂದು ಗುಬುಟನ್ನು ಇಟ್ಟಿರುವರು. ಅದನ್ನೆಳೆದು ತಿರುಗಿಸಿದೊಡನೆ ಸಂಬಂಧ ಕಳಚಿ, ಎಡಗಡೆಯವನಿಗೆ ಎಡದ ಏಲರಾನ್, ಬಲಗಡೆಯವನಿಗೆ ಬಲದ್ದು. ಅವಿಭಕ್ತ ಕುಟುಂಬವು ಪಾಲಾಗುವುದು ಒಳ್ಳೆಯದೆಂದು ನಾವು ಹೇಳಲಾರೆವು. ಆದರೆ ಬಾವಿಯ ಹಗ್ಗ ಸಿಕ್ಕಿಕೊಂಡಾಗ ಒಬ್ಬನಾದರೂ ನೀರು ಸೇದುವಂತಿರಬೇಕಷ್ಟೆ.

ಈಚಿನ ಮಾರ್ಪಾಡು ವಿದ್ಯುತ್ತಿನದು. ಎಂಬ್ರೇಯರ್ ೧೭೫, ೧೯೦ರಲ್ಲಿ ಎಲಿವೇಟರಿಗೂ ರಡ್ಡರಿಗೂ ಸ್ಪಾಯ್ಲರುಗಳಿಗೂ ಹುರಿಯಿಲ್ಲ. ಪೈಲಟನ ಕೈ ಎಷ್ಟು ಆಡಿತೆಂಬುದನ್ನು ಯಂತ್ರವೊಂದು ಅಳೆದು ವಿದ್ಯುತ್ತಂತಿಯಲ್ಲಿ ಹೇಳಿಕಳುಹಿಸುವುದು. ಬಾಲದ ಬಳಿಯ ಎಣ್ಣೆಯ ದಂಡವು ಅದನ್ನು ಕೇಳಿ ನಡೆಯುವುದು. ಇದಕ್ಕೆ ಫ್ಲೈ ಬೈ ವೈರ್ ಎಂದು ಹೆಸರು. ನಡುವೆ ಕುಳಿತ ಕಂಪ್ಯೂಟರು ಯಜಮಾನನ ಮಾತನ್ನು ಸಮಯಾಸಮಯ ನೋಡಿ ನಡೆಸುವ ಹಳೆಯ ಕಾರಕೂನನಂತೆ. ವೇಗ ಹೆಚ್ಚಿದ್ದಾಗ ಅದೇ ಕೈಯಾಟಕ್ಕೆ ಪಟ್ಟಿಯನ್ನು ಕಡಿಮೆ ಆಡಿಸುವುದು. ಕಾರಕೂನನ ಮೇಲೆ ನಂಬಿಕೆ ತಪ್ಪಿದರೆ ಗುಂಡಿಯೊತ್ತಿ ಅವನನ್ನು ಪಕ್ಕಕ್ಕೆ ಕೂಡಿಸಬಹುದು; ಆಗ ಹೇಳಿದ್ದನ್ನು ಹೇಳಿದಷ್ಟೇ ಮಾಡುವ ನೇರವಾದ ಕ್ರಮ ಉಳಿಯುವುದು. ಈ ವಿದ್ಯೆ ನಮ್ಮ ಬೆಂಗಳೂರಿಗೂ ಹೊಸದಲ್ಲ. ೨೦೦೧ರ ಜನವರಿ ೪ರಂದು ಅಲ್ಲಿ ಮೊದಲು ಹಾರಿದ ತೇಜಸ್ ಎಂಬ ಯುದ್ಧವಿಮಾನವು ಪೂರ್ತಿಯಾಗಿ ವಿದ್ಯುತ್ತಂತಿಯದೇ. ಕಂಪ್ಯೂಟರಿಲ್ಲದೆ ಅದು ನೆಟ್ಟಗೆ ಹಾರಲಾರದು. ಆದರೆ ಎಂಬ್ರೇಯರಿನವರು ಈ ಮಾದರಿಗಳಲ್ಲಿ ಏಲರಾನುಗಳಿಗೆ ಮಾತ್ರ ಹಳೆಯ ಹುರಿಯನ್ನೇ ಉಳಿಸಿಕೊಂಡರು. ಮುಂದೆ ಹೇಳತಕ್ಕ ಕಥೆಯು ಆ ಹುರಿಯ ಕಥೆ.

೨೦೧೮ರ ನವೆಂಬರ್ ೧೧ರಂದು ಪೋರ್ಚುಗಲ್ ದೇಶದ ಆಲ್ವೆರ್ಕಾ ಎಂಬಲ್ಲಿಂದ ಎಂಬ್ರೇಯರ್ ೧೯೦ ವಿಮಾನವೊಂದು ಹೊರಟಿತು. ಅದು ಕಜಾಕಸ್ತಾನದ ಏರ್ ಆಸ್ತಾನಾ ಸಂಸ್ಥೆಯದು. ದೊಡ್ಡ ರಿಪೇರಿಗೆಂದು ಬಂದುದು ಕೆಲಸ ಮುಗಿದು ತವರಿಗೆ ಮರಳುತ್ತಿತ್ತು. ಪ್ರಯಾಣಿಕರಿರಲಿಲ್ಲ, ಮೂವರು ಪೈಲಟರು, ಮೂವರು ತಂತ್ರಜ್ಞರು, ಇಷ್ಟೇ ಮಂದಿ. ನೆಲವನ್ನು ಬಿಟ್ಟ ಕೂಡಲೇ ವಿಮಾನವು ಹೇಳಿದ ಮಾತನ್ನು ಕೇಳಲೊಲ್ಲದೆ ಹೋಯಿತು. ಸುತ್ತಲೂ ಮೋಡ ಮುಸುಕಿತ್ತು. ನೆಲ ಯಾವುದು, ಬಾನು ಯಾವುದು ಎಂಬುದೂ ಕಾಣದು. ವಾಲಿದ ವಿಮಾನವನ್ನು ನೆಟ್ಟಗೆ ಮಾಡಲು ಯತ್ನಿಸಿದಷ್ಟೂ ಅದು ಮತ್ತಷ್ಟು ವಾಲುವುದು. ನಡುನಡುವೆ ಹಿಡಿತವು ಪೂರ್ತಿಯಾಗಿಯೇ ತಪ್ಪುತ್ತಿತ್ತು. ಪೈಲಟರು ಅಪಾಯದ ಕರೆಯನ್ನು ಕೊಟ್ಟುದಲ್ಲದೆ, ಸಮುದ್ರದ ಕಡೆಗೆ ದಾರಿ ತೋರಿಸಿರೆಂದು ಕೇಳಿಕೊಂಡರು. ಊರಿನ ಮೇಲೆ ಬೀಳುವುದಕ್ಕಿಂತ ನೀರಿನಲ್ಲಿ ಇಳಿಯುವುದು ಲೇಸೆಂಬುದು ಅವರ ಎಣಿಕೆಯಾಗಿದ್ದಿರಬೇಕು. ಆ ಕರೆಯನ್ನು ಕೊಟ್ಟಾಗ ಅವರ ಮನಸ್ಸು ಹೇಗಿದ್ದಿತೋ!

ಆಗಿದ್ದುದೇನೆಂದರೆ, ರಿಪೇರಿಯಲ್ಲಿ ಏಲರಾನುಗಳ ಹುರಿಗಳನ್ನು ಅದಲುಬದಲಾಗಿ ಕೂಡಿಸಿಬಿಟ್ಟಿದ್ದರು. ಎಡಕ್ಕೆ ತಿರುಗಿಸಿದರೆ ಏಲರಾನುಗಳು ವಿಮಾನವನ್ನು ಬಲಕ್ಕೆ ಉರುಳಿಸುವುವು. ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಹಾಗಾದರೆ ತಿರುವು ಮುರುವಾಗಿ ಹಿಡಿದರಾಯಿತಲ್ಲ ಎಂದು ಮನೆಯಲ್ಲಿ ಕುಳಿತ ನಾವು ಸುಲಭವಾಗಿ ಹೇಳಬಹುದು. ಬೈಸಿಕಲ್ಲಿನ ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಗಾಲಿಯು ಬಲಕ್ಕೆ ಹೊರಳುವಂತೆ ಯಾರಾದರೂ ಮಾಡಿಕೊಟ್ಟರೆ, ವಿಷಯ ಗೊತ್ತಿದ್ದವನೂ ಹತ್ತು ಮಾರು ಹೋಗಲಾರನು. ಮುಗ್ಗರಿಸಿದಾಗ ಕೈಯು ಯೋಚನೆಯನ್ನು ಕಾಯುವುದಿಲ್ಲ. ಮೇಲಾಗಿ ಇವರಿಗೆ ವಿಷಯವೇ ಗೊತ್ತಿರಲಿಲ್ಲ. ಹುರಿಯು ಹರಿದಿರಬಹುದು, ಎಣ್ಣೆ ಸೋರಿರಬಹುದು, ಕಂಪ್ಯೂಟರು ಕೆಟ್ಟಿರಬಹುದು. ಕಾರಣವು ಯಾವುದೆಂದು ಹುಡುಕುವುದಕ್ಕೆ ಬಿಡುವೆಲ್ಲಿ?

ಅವರು ಕಂಪ್ಯೂಟರನ್ನು ಬದಿಗಿಟ್ಟು ನೇರವಾದ ಕ್ರಮಕ್ಕೆ ಬಂದರು. ಅದರಿಂದ ತುಸು ಅನುಕೂಲವಾಯಿತೇ ಹೊರತು ಉರುಳಾಟ ನಿಲ್ಲಲಿಲ್ಲ. ಯಾತಕ್ಕೆಂದರೆ ತಪ್ಪಿದ್ದುದು ಹುರಿಯಲ್ಲಿ, ಕಂಪ್ಯೂಟರಿನಲ್ಲಲ್ಲ. ಕ್ರಮೇಣ ಏಲರಾನುಗಳೇ ವಿಪರೀತವಾಗಿ ವರ್ತಿಸುತ್ತಿವೆಯೆಂಬುದನ್ನು ಅವರು ಕಂಡುಕೊಂಡರು. ಅವನ್ನು ಆದಷ್ಟು ಕಡಿಮೆ ಮುಟ್ಟಿ ಉಳಿದವುಗಳಿಂದ ಕೆಲಸ ಸಾಗಿಸಬೇಕೆಂದು ನಿಶ್ಚಯಿಸಿದರು. ಮೋಡವಿಲ್ಲದ ಪೂರ್ವದ ಕಡೆಗೆ ಹೇಗೋ ಹೊರಳಿಸಿಕೊಂಡು ಬಂದರು. ಪೋರ್ಚುಗಲ್ಲಿನ ವಾಯುಸೇನೆಯ ಎರಡು ಎಫ್ ೧೬ ವಿಮಾನಗಳು ಜೊತೆಗೂಡಿ ಬೇಜಾ ಎಂಬ ಊರಿನ ವಿಮಾನನೆಲೆಗೆ ದಾರಿ ತೋರಿಸಿದುವು. ಇಳಿಯುವ ಮೊದಲನೆಯ ಯತ್ನವು ಕೈಗೂಡಲಿಲ್ಲ, ಎರಡನೆಯದೂ ಇಲ್ಲ. ಮೂರನೆಯ ಸಲ, ಹೊರಟು ಒಂದೂವರೆ ಗಂಟೆಗೂ ಮಿಕ್ಕಿದ ಬಳಿಕ, ಚಕ್ರಗಳು ನೆಲವನ್ನು ಮುಟ್ಟಿದುವು. ಅವರು ಗುರಿಯಿಟ್ಟಿದ್ದುದು ಜೋಡಿ ರನ್‌ವೇಗಳಲ್ಲಿ ಬಲಗಡೆಯದಕ್ಕೆ. ವಿಮಾನವು ಪಕ್ಕಕ್ಕೆ ಸರಿದು ಎಡಗಡೆಯದರ ಮೇಲೆ ಇಳಿಯಿತು. ಆರು ಮಂದಿಯೂ ಬದುಕಿದರು. ಒಬ್ಬರ ಕಾಲಿಗೆ ಮಾತ್ರ ಪೆಟ್ಟಾಗಿತ್ತು. ವಿಮಾನವು ಆ ಎಳೆದಾಟಕ್ಕೆ ಮೈಮುರಿದುಕೊಂಡುದರಿಂದ ಕೆಲಸಕ್ಕೆ ಬಾರದೆ ಹೋಯಿತು.

ನಮ್ಮನ್ನು ಹೆಚ್ಚು ಕಾಡಿದುದು ಹಾರಾಟದ ಕಥೆಯಲ್ಲ, ಅದಕ್ಕೆ ಹಿಂದಿನ ದಿನಗಳದು. ಹುರಿ ಕೂಡಿಸಿದ ಬಳಿಕ ವಿಮಾನದ ಪರದೆಯ ಮೇಲೆ, ಹಿಡಿತದ ಏರ್ಪಾಡಿನಲ್ಲಿ ದೋಷವಿದೆ, ಹೊರಡಕೂಡದು ಎಂಬರ್ಥದ ಸಂದೇಶವು ಬಂದಿತ್ತು. ಹನ್ನೊಂದು ದಿನ ಅದರ ಕಾರಣವನ್ನು ಹುಡುಕಿದರು. ಹನ್ನೊಂದು ದಿನವೂ ಹುರಿಯು ಅಡ್ಡಹಾದಿ ಹಿಡಿದಿದ್ದುದನ್ನು ಒಬ್ಬರೂ ಕಾಣಲಿಲ್ಲ. ಹೊರಡುವ ಮೊದಲಿನ ಪೈಲಟರ ಪರೀಕ್ಷೆಯಲ್ಲಿಯೂ ಅದು ಬಯಲಾಗಲಿಲ್ಲ. ತನಿಖೆ ಮಾಡಿದವರು ಕೆಲಸದ ಸೂಚನೆಗಳು ತಿಳಿಯಾಗಿರಲಿಲ್ಲವೆಂದೂ, ಮೇಲ್ವಿಚಾರಣೆ ಸಾಲದಾಗಿತ್ತೆಂದೂ ಹಲವು ಕಾರಣಗಳನ್ನು ಎತ್ತಿ ತೋರಿಸಿರುವರು. ಅವೆಲ್ಲ ನಿಜವೇ. ಆದರೂ ಒಬ್ಬನು ಒಳಗೆ ಹಿಡಿಯನ್ನು ಎಡಕ್ಕೆ ತಿರುಗಿಸಿ, ಇನ್ನೊಬ್ಬನು ಹೊರಗೆ ನಿಂತು “ಎಡದ್ದು ಮೇಲೆದ್ದಿತು” ಎಂದೋ “ಇಳಿಯಿತು” ಎಂದೋ ಕೂಗಿ ಹೇಳಿದ್ದರೆ ಅರೆಗಳಿಗೆಯಲ್ಲಿ ತೀರುತ್ತಿದ್ದ ಮಾತಲ್ಲವೆ ಇದು ಎಂದು ನಮಗೆ ತೋರಿತು.

ಎಲ್ಲ ಕಥೆಗಳೂ ಹೀಗೆ ನೆಲ ಮುಟ್ಟಲಿಲ್ಲ. ೨೦೦೩ರ ಜನವರಿ ೮ರಂದು ಅಮೆರಿಕದ ಶಾರ್ಲಟ್ ನಗರದಲ್ಲಿ ಹತ್ತೊಂಬತ್ತು ಆಸನಗಳ ಬೀಚ್‌ಕ್ರಾಫ್ಟ್ ವಿಮಾನವೊಂದು ಏರುತ್ತಲೇ ಮೂಗನ್ನು ಮೇಲಕ್ಕೆತ್ತಿ, ಇಳಿಸಲಾಗದೆ, ನೆಲಕ್ಕೆ ಬಿದ್ದಿತು. ಇದು ಜೆಟ್ಟಲ್ಲ, ಪಂಖದ ವಿಮಾನ. ಆದರೆ ಮಾತು ಹುರಿಯದೇ. ಒಂದೆರಡು ದಿನದ ಹಿಂದೆ ಎಲಿವೇಟರಿನ ಹುರಿಯ ಬಿಗಿಯನ್ನು ಸರಿಪಡಿಸುವಾಗ ಅಳತೆ ತಪ್ಪಿತ್ತು; ಪಟ್ಟಿಯು ಕೆಳಕ್ಕೆ ಬೇಕಾದಷ್ಟು ಬಾಗುತ್ತಿರಲಿಲ್ಲ. ಹಿಂಭಾಗದ ಭಾರವೂ ಮಿತಿಮೀರಿತ್ತು. ಒಳಗಿದ್ದ ಇಪ್ಪತ್ತೊಂದು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಇವನ್ನೆಲ್ಲ ಓದಿದ ಮೇಲೆ ನಾವು ಅಕ್ಕನ ಮಗನನ್ನು ಕೇಳಿದೆವು. “ನಿಮ್ಮಲ್ಲಿ ಹೇಗಪ್ಪ?” ಎಂದುದಕ್ಕೆ ಅವನು, “ಹಿಡಿತದ ಏರ್ಪಾಡನ್ನು ಮುಟ್ಟಿದರೆ ಎರಡು ಸಹಿ ಬೇಕು, ಮಾವ. ಕೆಲಸ ಮಾಡಿದವನದೊಂದು, ಅದನ್ನು ಮೊದಲಿನಿಂದ ತಾನೇ ನೋಡಿ ಪರೀಕ್ಷಿಸಿದ ಇನ್ನೊಬ್ಬನದೊಂದು. ಮೊದಲಿನವನು ಹೇಳಿದುದನ್ನು ನಂಬಿ ಎರಡನೆಯವನು ಸಹಿ ಹಾಕಿದರೆ ಅದು ಎರಡು ಸಹಿಯಲ್ಲ, ಒಂದನ್ನೇ ಎರಡು ಸಲ ಬರೆದಂತೆ” ಎಂದನು. ಹುರಿಯ ತುದಿಗಳನ್ನು ಬಿಗಿಮಾಡುವ ತಿರುಪು ಸಡಿಲಬಾರದೆಂ‌ದು ಅದಕ್ಕೆ ಸಣ್ಣ ತಂತಿಯನ್ನು ಹೆಣೆದು ಕಟ್ಟುವರಂತೆ. ಹೂ ಕಟ್ಟುವವರು ದಾರವನ್ನು ಸುತ್ತುವಂತೆಯೇ ಅದಕ್ಕೊಂದು ಕ್ರಮವಿದೆ; ಸುತ್ತು ತಪ್ಪಿದರೆ ಬಿಚ್ಚಿ, ಹೊಸ ತಂತಿಯಿಂದ ಮತ್ತೆ ಕಟ್ಟಬೇಕು.

ಹೋದ ವರ್ಷ ಗೌರಿಹಬ್ಬದ ದಿನ ಅವನು ನಮ್ಮಲ್ಲಿಗೆ ಊಟಕ್ಕೆ ಬಂದಿದ್ದನು. ಎಲೆಯ ಮುಂದೆ ಕುಳಿತು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡವನು ಕೈಯನ್ನು ಹಾಗೆಯೇ ಹಿಡಿದು ಯೋಚಿಸತೊಡಗಿದನು. ಬಳಿಕ ಹೊರಗೆ ಹೋಗಿ ಯಾರೊಡನೆಯೋ ಮಾತನಾಡಿ ಬಂದನು. ತಾನು ಆ ಬೆಳಿಗ್ಗೆ ಕಟ್ಟಿದ ತಂತಿಗಳಲ್ಲಿ ಕೊನೆಯದರ ಚಿತ್ರ ಅವನ ಕಣ್ಣಿಗೆ ಬಾರದಂತಾಗಿತ್ತು. ಎರಡನೆಯ ಸಹಿಯವನು ಎಲ್ಲವನ್ನೂ ನೋಡಿದ್ದೇನೆಂದು ಹೇಳಿದನಂತೆ. “ಅವರು ನೋಡಿದ ಮೇಲೆ ಇನ್ನೇನೋ, ಊಟ ಮಾಡು” ಎಂದು ನಮ್ಮ ಅಕ್ಕ ಬೇಸರಪಟ್ಟುಕೊಂಡಳು. ಅವನು “ಅಮ್ಮ, ಒಂದು ಗಂಟೆಯಲ್ಲಿ ಬರುತ್ತೇನೆ” ಎಂದು ಎದ್ದೇ ಹೋದನು. ಮರಳಿ ಬಂದುದು ಮೂರು ಗಂಟೆಯ ಬಳಿಕ. ಬೆಂಗಳೂರಿನ ದಾರಿಗಳು ವಾಚಕರಿಗೆ ಗೊತ್ತೇ ಇರುವುವು. ತಂತಿಯು ಇರಬೇಕಾದಲ್ಲಿ ಇರಬೇಕಾದಂತೆಯೇ ಇದ್ದಿತು. ತಣ್ಣಗಾದ ಒಬ್ಬಟ್ಟನ್ನು ಅವನು ನಗುನಗುತ್ತ ಉಂಡನು. ಅಕ್ಕ ಮಾತ್ರ ಆ ರಾತ್ರಿಯವರೆಗೂ ಅವನೊಡನೆ ಸರಿಯಾಗಿ ಮಾತನಾಡಲಿಲ್ಲ. ಇಂಥ ಉದ್ಯೋಗದವನಿಗೆ ಹೆಣ್ಣು ಕೊಟ್ಟವರು ಏನನ್ನುವರೋ ಎಂದು ನಮ್ಮ ಮನೆಯವರ ಬಳಿ ಹೇಳಿಕೊಂಡಳಂತೆ. ಪೈಲಟನನ್ನು ಕಂಡರೆ ಕೈಮುಗಿಯುವ ಜನರು ಇವನ ಹೆಸರನ್ನೂ ಕೇಳುವುದಿಲ್ಲವೆಂಬುದು ನಮಗೂ ಅಷ್ಟು ಹಿತವಾದ ಸಂಗತಿಯಲ್ಲ.

ಈಗ ಹುರಿಯ ಕಾಲವೂ ಕಳೆಯುತ್ತ ಬಂದಿದೆ. ಎಂಬ್ರೇಯರಿನ ಹೊಸ ಮಾದರಿಗಳಿಗೆ ಇ ೨ ಎಂದು ಹೆಸರು. ಅವುಗಳಲ್ಲಿ ಮೊದಲನೆಯದು ೨೦೧೮ರಲ್ಲಿ ನಾರ್ವೆ ದೇಶದಲ್ಲಿ ಸಂಚಾರಕ್ಕೆ ಬಂದಿತು. ಅವುಗಳಲ್ಲಿ ಏಲರಾನಿಗೂ ವಿದ್ಯುತ್ತಂತಿಯೇ. ರಾಟೆಯಿಲ್ಲ, ಬಿಗಿಯನ್ನು ಅಳೆಯಬೇಕಾದುದಿಲ್ಲ. ಇದರಿಂದ ನಿನ್ನ ಕೆಲಸ ಸುಲಭವಾಯಿತಲ್ಲವೇ ಎಂದು ನಾವು ಅವನನ್ನು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುರಿಯಾದರೆ ಕೈಯಿಂದ ಮುಟ್ಟಿ, ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕಣ್ಣಿಂದ ನೋಡುತ್ತ ಹೋಗಬಹುದಾಗಿತ್ತು, ಮಾವ. ವಿದ್ಯುತ್ತಿನಲ್ಲಿ ಕಂಪ್ಯೂಟರನ್ನು ಕೇಳಬೇಕು. ಅದು ಹೇಳಿದ್ದನ್ನು ಸರಿಯಾಗಿ ಓದಬೇಕು. ಹಾಗೆಂದು ಹೊರಗೆ ನಿಂತು ಪಟ್ಟಿ ಯಾವ ಕಡೆಗೆ ಆಡಿತೆಂದು ನೋಡುವುದನ್ನು ಯಾರೂ ಬಿಡಿಸಿಲ್ಲ” ಎಂದನು. ಮುಂದಿನ ತಿಂಗಳು ಹೊಸ ಮಾದರಿಯ ಪಾಠಕ್ಕೆ ಹೋಗತಕ್ಕವನಿದ್ದಾನೆ. ಪುಸ್ತಕಗಳನ್ನು ತಂದು ಓದುತ್ತಿರುವನು.